ಬ್ರಿಟಿಷರು ಕೈಬಿಟ್ಟ ಪ್ಲಗ್ಗು, ನಾವು ಉಳಿಸಿಕೊಂಡೆವು

ನಮ್ಮ ಗೋಡೆಗಳಲ್ಲಿರುವ ಮೂರು ದುಂಡು ತೂತಿನ ಪ್ಲಗ್ ಪಾಯಿಂಟ್ ಬ್ರಿಟಿಷರ ಬಳುವಳಿ. 1934ರ ‘ಬಿಎಸ್ 546’ ಎಂಬ ಬ್ರಿಟಿಷ್ ಮಾನದಂಡ ಅದರ ಮೂಲ. ಬ್ರಿಟನ್ನಿನ ಮನೆಗಳಿಂದ ಅದು ಹೆಚ್ಚುಕಡಿಮೆ ಮರೆಯಾಗಿ ದಶಕಗಳೇ ಆದವು. ಅಲ್ಲೀಗ ಚಪ್ಪಟೆ ಪಿನ್ನುಗಳ ಕಾಲ. ನಾವು ಮಾತ್ರ ಹಳೆಯದನ್ನೇ ಸುಧಾರಿಸಿಕೊಂಡು ಬಂದಿದ್ದೇವೆ.

ಮೊದಮೊದಲು ಮನೆಗೆ ಕರೆಂಟ್ ಬಂದದ್ದೇ ದೀಪಕ್ಕೆ. ಫ್ಯಾನು, ಇಸ್ತ್ರಿಪೆಟ್ಟಿಗೆ ಬಂದಾಗ ಬಲ್ಬ್ ಬಿಚ್ಚಿ ಅದೇ ಹೋಲ್ಡರಿಗೆ ತಿರುಪಬೇಕಿತ್ತು. ಎಳೆದರೆ ಸಲೀಸಾಗಿ ಕಳಚುವ ಪ್ಲಗ್ಗಿಗೆ ಅಮೆರಿಕದ ಹಾರ್ವಿ ಹಬ್ಬೆಲ್ 1904ರಲ್ಲಿ ಪೇಟೆಂಟ್ ಪಡೆದ. ಆಮೇಲೆ ಒಂದೊಂದು ದೇಶ ತನಗೆ ತೋಚಿದಂತೆ ಪಿನ್ನು ರೂಪಿಸಿತು. ಅಂತರರಾಷ್ಟ್ರೀಯ ಎಲೆಕ್ಟ್ರೋಟೆಕ್ನಿಕಲ್ ಆಯೋಗದ ಪಟ್ಟಿಯಲ್ಲಿ ಇವತ್ತು ‘ಎ’ಯಿಂದ ‘ಓ’ವರೆಗೆ 15 ನಮೂನೆಗಳಿವೆ. ನಮ್ಮದು ‘ಡಿ’, ಗೀಸರಿಗೆ ಬೇಕಾದ ದೊಡ್ಡದು ‘ಎಂ’, ಬ್ರಿಟನ್ನಿನದು ‘ಜಿ’.

ತಾಮ್ರದ ಅಭಾವದ ಕೊಡುಗೆ

ಎರಡನೇ ಮಹಾಯುದ್ಧ ಮುಗಿದಾಗ ಬ್ರಿಟನ್ ಲಕ್ಷಾಂತರ ಮನೆಗಳನ್ನು ಕಟ್ಟಬೇಕಿತ್ತು, ತಾಮ್ರಕ್ಕೆ ಬರವಿತ್ತು. ಒಂದೊಂದು ಸಾಕೆಟ್ಟಿಗೂ ಬೋರ್ಡಿನಿಂದ ಬೇರೆ ತಂತಿ ಎಳೆಯುವ ಬದಲು, ಒಂದೇ ತಂತಿಯನ್ನು ಎಲ್ಲ ಸಾಕೆಟ್ಟುಗಳ ಮೂಲಕ ಸುತ್ತಿಸಿ ಬೋರ್ಡಿಗೇ ಮರಳಿಸುವ ‘ರಿಂಗ್’ ಪದ್ಧತಿ ಬಂತು. ಅಷ್ಟೂ ಸಾಕೆಟ್ಟಿಗೆ ಸೇರಿ ಬೋರ್ಡಿನಲ್ಲಿರುವುದು ಒಂದೇ ದೊಡ್ಡ ಫ್ಯೂಸ್. ಒಂದು ಟೇಬಲ್ ಲ್ಯಾಂಪಿನ ಸಣ್ಣ ವಯರು ಕೆಟ್ಟರೆ ಆ ಫ್ಯೂಸ್ ಹಾರುವ ಮೊದಲು ವಯರೇ ಸುಟ್ಟೀತು. ಹಾಗಾಗಿ ಪ್ಲಗ್ಗಿನೊಳಗೇ ಫ್ಯೂಸ್ ಕೂರಿಸಿದರು. ಉದ್ದನೆಯ ಅರ್ಥ್ ಪಿನ್ನು ಒಳಗೆ ಹೋದಾಗಲೇ ಉಳಿದೆರಡು ತೂತಿನ ಮುಚ್ಚಳ ತೆರೆಯುವಂತೆ ಮಾಡಿದ್ದರಿಂದ ಮಕ್ಕಳು ಕಡ್ಡಿ ತೂರಿಸುವ ಭಯವೂ ತಗ್ಗಿತು. ಚಪ್ಪಟೆ ಪಿನ್ನಿನ ಈ ಪ್ಲಗ್ಗಿನ 1947ರ ಮಾನದಂಡಕ್ಕೆ ದಾರಿಮಾಡಿದ ಸಮಿತಿಯಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರ್ ಕ್ಯಾರೊಲಿನ್ ಹ್ಯಾಸ್ಲೆಟ್ ಇದ್ದರು.

ಆಕಾರ ಒಂದು, ವೋಲ್ಟೇಜ್ ಇನ್ನೊಂದು

ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೊರಡುವ ಅಮ್ಮಂದಿರ ಪೆಟ್ಟಿಗೆಯಲ್ಲಿ ಮಿಕ್ಸಿಗೂ ಜಾಗವಿರುತ್ತದೆ. ಅಡಾಪ್ಟರ್ ಸಿಕ್ಕಿಸಿದರೆ ಪಿನ್ನೇನೋ ಕೂರುತ್ತದೆ. ಆದರೆ ಅಲ್ಲಿ 120 ವೋಲ್ಟ್, ಇಲ್ಲಿ 230. ನಮ್ಮ ಮಿಕ್ಸಿ ಅಲ್ಲಿ ಸದ್ದು ಮಾಡೀತೇ ಹೊರತು ಚಟ್ನಿ ನುಣ್ಣಗಾಗದು. ಅಲ್ಲಿಯ ಹೀಟರನ್ನು ಇಲ್ಲಿಗೆ ತಂದು ಹಾಕಿದರೆ ವೋಲ್ಟೇಜ್ ಸುಮಾರು ಎರಡು ಪಟ್ಟಾಗಿ, ಶಾಖ ನಾಲ್ಕು ಪಟ್ಟಿನ ಹತ್ತಿರಕ್ಕೇರಿ, ಸುಟ್ಟೇ ಹೋಗುತ್ತದೆ. ಚಾರ್ಜರಿನ ಮೇಲೆ ‘100–240 ವೋಲ್ಟ್, 50/60 ಹರ್ಟ್ಸ್’ ಎಂದಿದ್ದರೆ ಈ ಚಿಂತೆಯಿಲ್ಲ.

ಜಪಾನಿನ ಫಜೀತಿ ಇನ್ನೂ ವಿಚಿತ್ರ. ದೇಶವೆಲ್ಲ 100 ವೋಲ್ಟ್, ಸಾಕೆಟ್ಟೂ ಒಂದೇ ಥರ. ಆದರೆ 19ನೇ ಶತಮಾನದ ಕೊನೆಯಲ್ಲಿ ಟೋಕಿಯೊ ಜರ್ಮನಿಯ ಜನರೇಟರ್ ಕೊಂಡಿತು, ಒಸಾಕಾ ಅಮೆರಿಕದ್ದನ್ನು. ಇವತ್ತಿಗೂ ಕರೆಂಟಿನ ಆವರ್ತನ ಪೂರ್ವಕ್ಕೆ 50 ಹರ್ಟ್ಸ್, ಪಶ್ಚಿಮಕ್ಕೆ 60. 2011ರ ಭೂಕಂಪದಲ್ಲಿ ಪೂರ್ವದ ಸ್ಥಾವರಗಳು ನಿಂತಾಗ, ಈ ವ್ಯತ್ಯಾಸದಿಂದಾಗಿ ಪಶ್ಚಿಮದಿಂದ ಸ್ವಲ್ಪವೇ ವಿದ್ಯುತ್ ದಾಟಿಸಲು ಸಾಧ್ಯವಾಯಿತು. ಟೋಕಿಯೊ ಸುತ್ತಮುತ್ತ ಪಾಳಿಯ ಮೇಲೆ ಕರೆಂಟ್ ತೆಗೆಯಬೇಕಾಯಿತು.

ಜಗತ್ತಿಗೆಲ್ಲ ಒಂದೇ ಪ್ಲಗ್ಗು ಇರಲೆಂದು 1986ರಲ್ಲೊಂದು ಮಾನದಂಡ ಹೊರಟಿತ್ತು. ಒಪ್ಪಿದ್ದು ಬ್ರೆಜಿಲ್, ದಕ್ಷಿಣ ಆಫ್ರಿಕದಂಥ ಬೆರಳೆಣಿಕೆಯ ದೇಶಗಳು. ಕೋಟ್ಯಂತರ ಗೋಡೆ ಒಡೆಯುವ ಖರ್ಚು ಯಾರಿಗೆ ಬೇಕು?

ಆಕಾರ ಹೇಗೇ ಇರಲಿ, ಮುಖ್ಯವಾದದ್ದು ಮೇಲಿನ ದಪ್ಪ ಪಿನ್ನು, ಅಂದರೆ ಅರ್ಥ್. ಫೇಸ್ ತಂತಿ ಕರೆಂಟ್ ತರುತ್ತದೆ, ನ್ಯೂಟ್ರಲ್ ಹಿಂದಕ್ಕೊಯ್ಯುತ್ತದೆ, ಅರ್ಥ್ ಸುಮ್ಮನಿರುತ್ತದೆ. ಫೇಸ್ ತಂತಿ ಸವೆದು ಫ್ರಿಜ್ಜಿನ ಲೋಹದ ಮೈಗೆ ತಾಗಿದ ದಿನ ಮಾತ್ರ ಅದರ ಕೆಲಸ. ಕರೆಂಟ್ ಅದರ ಮೂಲಕ ನೆಲಕ್ಕೆ ಹರಿದು ಬೋರ್ಡಿನ ಸುರಕ್ಷತಾ ಸ್ವಿಚ್ಚು (ಎಂಸಿಬಿ) ಬೀಳುತ್ತದೆ. ಅರ್ಥ್ ಇಲ್ಲದಿದ್ದರೆ ಕರೆಂಟಿಗೆ ಮುಟ್ಟಿದವರ ಮೈಯೇ ದಾರಿ. ಆ ಪಿನ್ನು ಉದ್ದವಾಗಿರುವುದೂ ಇದಕ್ಕೇ: ಮೊದಲು ಸೇರಬೇಕು, ಕೊನೆಗೆ ಕಳಚಬೇಕು.

ಆದ್ದರಿಂದ ಗೀಸರು, ಫ್ರಿಜ್ಜು, ವಾಷಿಂಗ್ ಮಷಿನ್ನುಗಳ ಮೂರನೇ ಪಿನ್ನು ಕಿತ್ತು ಎರಡು ತೂತಿನ ಬೋರ್ಡಿಗೆ ಸಿಕ್ಕಿಸುವ ಚಾಳಿ ಬಿಡಿ. ಹಳೆಯ ಮನೆಯಾದರೆ ಎಲೆಕ್ಟ್ರಿಶಿಯನ್ ಕರೆಸಿ, ಮೂರನೇ ತೂತಿನ ಹಿಂದೆ ಅರ್ಥ್ ತಂತಿ ನಿಜಕ್ಕೂ ಇದೆಯೇ ಎಂದು ಇದೇ ವಾರ ನೋಡಿಸಿ.