ಅದೇ ಮಿಲ್ಕ್‌ಶೇಕ್, ಬೇರೆಯೇ ಹಸಿವು!

ಕುಡಿದದ್ದು ಒಂದೇ ಮಿಲ್ಕ್‌ಶೇಕ್. ಬದಲಾಗಿದ್ದು ಬಾಟಲಿಯ ಮೇಲಿನ ಚೀಟಿ ಮಾತ್ರ. ಅಷ್ಟಕ್ಕೇ ರಕ್ತದಲ್ಲಿನ ಹಾರ್ಮೋನಿನ ಲೆಕ್ಕ ಬೇರೆಯಾಯಿತು!

ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿದ್ದ ಆಲಿಯಾ ಕ್ರಮ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಪ್ರಯೋಗವಿದು. 46 ಜನರಿಗೆ ಬೇರೆ ಬೇರೆ ದಿನ ಎರಡು ಸಲ ಮಿಲ್ಕ್‌ಶೇಕ್ ಕೊಟ್ಟರು. ಒಂದು ಸಲ ಚೀಟಿಯಲ್ಲಿ 620 ಕ್ಯಾಲೊರಿಯ ಭರ್ಜರಿ ಪಾನೀಯ ಎಂದಿತ್ತು. ಇನ್ನೊಂದು ಸಲ ಕೊಬ್ಬಿಲ್ಲದ, 140 ಕ್ಯಾಲೊರಿಯ ಲಘು ಪಾನೀಯ ಎಂದಿತ್ತು. ನಿಜದಲ್ಲಿ ಎರಡೂ 380 ಕ್ಯಾಲೊರಿಯವೇ. ಹೊಟ್ಟೆಯಿಂದ ಮೆದುಳಿಗೆ ಹಸಿವಿನ ಸುದ್ದಿ ಮುಟ್ಟಿಸುವ ಹಾರ್ಮೋನು ಗ್ರೆಲಿನ್. ಉಂಡ ಮೇಲೆ ಅದು ಇಳಿಯುತ್ತದೆ. ಭರ್ಜರಿ ಎಂದು ನಂಬಿ ಕುಡಿದಾಗ ಅದು ಸರ್ರನೆ ಇಳಿಯಿತು. ಲಘು ಎಂದು ನಂಬಿ ಕುಡಿದಾಗ ಹೆಚ್ಚೇನೂ ಕದಲಲಿಲ್ಲ. ಹೊಟ್ಟೆ ಕೂಡ ಚೀಟಿ ಓದಿತ್ತು!

ಇದಕ್ಕೂ ಮೊದಲು, 2007ರಲ್ಲಿ, ಇದೇ ಕ್ರಮ್ ಹಾರ್ವರ್ಡ್‌ನ ಎಲೆನ್ ಲ್ಯಾಂಗರ್ ಜೊತೆ ಇನ್ನೊಂದು ಬೆರಗು ತೆರೆದಿಟ್ಟಿದ್ದರು. ಏಳು ಹೋಟೆಲ್‌ಗಳಲ್ಲಿ ಕೋಣೆ ಸ್ವಚ್ಛಗೊಳಿಸುವ 84 ಹೆಂಗಸರು. ದಿನವಿಡೀ ಬಾಗುವುದು, ಉಜ್ಜುವುದು, ಹಾಸಿಗೆ ಎತ್ತುವುದು. ಒಂದು ಗುಂಪಿಗೆ ಮಾತ್ರ, ‘ನೀವು ಮಾಡುತ್ತಿರುವುದೇ ಒಳ್ಳೆಯ ವ್ಯಾಯಾಮ’ ಎಂದು ವಿವರಿಸಿ ಹೇಳಿದರು. ನಾಲ್ಕು ವಾರ ಕಳೆಯಿತು. ಆ ಗುಂಪಿನವರ ತೂಕ ಇಳಿದಿತ್ತು, ರಕ್ತದೊತ್ತಡ ಇಳಿದಿತ್ತು! ಕೆಲಸವನ್ನಾಗಲಿ ಊಟವನ್ನಾಗಲಿ ಬದಲಿಸಿಲ್ಲ ಎಂದರು ಅವರು. ಅರಿವಿಲ್ಲದೆ ಕೈಕಾಲು ಚುರುಕಾಗಿರಬಹುದೇ? ಇರಬಹುದು. ಹಾಗಿದ್ದರೂ ಅದೆಂಥ ಸೋಜಿಗ! ಚುರುಕು ತಂದದ್ದು ಕಿವಿಗೆ ಬಿದ್ದ ಒಂದು ಮಾತು.

ಯೋಚನೆ ಮೈಯೊಳಗೆ ಇಳಿಯುವ ದಾರಿ ಯಾವುದು? ಒಂದು ದಾರಿಯ ಸುಳಿವು 1978ರಲ್ಲೇ ಸಿಕ್ಕಿತ್ತು. ದವಡೆಹಲ್ಲು ಕೀಳಿಸಿಕೊಂಡವರಿಗೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಲೆವಿನ್, ಗಾರ್ಡನ್, ಫೀಲ್ಡ್ಸ್ ಎಂಬ ವಿಜ್ಞಾನಿಗಳು ಔಷಧವೇ ಇಲ್ಲದ ಚುಚ್ಚುಮದ್ದು ಕೊಟ್ಟರು. ಕೆಲವರಿಗೆ ನೋವು ತಗ್ಗಿತು. ಆಮೇಲೆ ಅಫೀಮಿನಂಥ ಔಷಧಗಳ ಪರಿಣಾಮವನ್ನು ತಡೆಯುವ ನಾಲಾಕ್ಸೋನ್ ಕೊಟ್ಟಾಗ ಅವರ ನೋವು ಮತ್ತೆ ಏರಿತು! ಎಂದರೆ, ‘ನೋವು ಹೋಗುತ್ತದೆ’ ಎಂಬ ನಂಬಿಕೆಗೆ ಮೆದುಳು ತನ್ನದೇ ನೋವುನಿವಾರಕ ಹರಿಸಿತ್ತು. ಇಟಲಿಯ ಟುರಿನ್‌ನಲ್ಲಿ ಫ್ಯಾಬ್ರಿಜಿಯೊ ಬೆನೆಡೆಟ್ಟಿ ತಂಡ ಇನ್ನೊಂದು ತುದಿಯಿಂದ ನೋಡಿತು: ರೋಗಿಗೆ ಗೊತ್ತಾಗದಂತೆ ಯಂತ್ರದ ಮೂಲಕ ಕೊಟ್ಟ ನೋವುನಿವಾರಕಕ್ಕಿಂತ ಹೇಳಿ, ಕಣ್ಣೆದುರೇ ಕೊಟ್ಟದ್ದು ಹೆಚ್ಚು ಕೆಲಸ ಮಾಡಿತು. ಔಷಧ ಅದೇ, ಪ್ರಮಾಣ ಅದೇ!

ಹಾಗೆಂದು ಯೋಚನೆಯೇ ಎಲ್ಲಕ್ಕೂ ಮದ್ದಲ್ಲ. 2011ರಲ್ಲಿ ಅಮೆರಿಕದಲ್ಲೇ ಅಸ್ತಮಾ ರೋಗಿಗಳ ಮೇಲೆ ನಡೆದ ಅಧ್ಯಯನ ಈ ಗೆರೆಯನ್ನು ಸ್ಪಷ್ಟವಾಗಿ ಎಳೆಯಿತು. ಔಷಧವಿಲ್ಲದ ಇನ್‌ಹೇಲರ್ ಸೇದಿದವರಿಗೂ ನಿಜವಾದ ಇನ್‌ಹೇಲರ್ ಸೇದಿದವರಷ್ಟೇ ಹಗುರವೆನಿಸಿತು. ಆದರೆ ಉಸಿರನ್ನು ಅಳೆದಾಗ, ಶ್ವಾಸಕೋಶದ ಸಾಮರ್ಥ್ಯ ನಿಜ ಔಷಧದಿಂದ ಶೇ. 20ರಷ್ಟು ಹೆಚ್ಚಿತ್ತು, ಉಳಿದವರಲ್ಲಿ ಸುಮಾರು ಶೇ. 7 ಮಾತ್ರ. ಅನುಭವ ಬದಲಾಗಿತ್ತು, ಬಿಗಿದ ಶ್ವಾಸನಾಳ ಅಷ್ಟಾಗಿ ಸಡಿಲಿರಲಿಲ್ಲ. ಆದ್ದರಿಂದ ವೈದ್ಯರು ಬರೆದುಕೊಟ್ಟ ಔಷಧವನ್ನು ಯಾವ ನಂಬಿಕೆಯ ಬಲದಿಂದಲೂ ಬಿಡಬಾರದು.

ಆದರೆ ದಿನನಿತ್ಯದ ಬದುಕು ಎಂಬುದೇ ಬಹುಪಾಲು ಅನುಭವವಲ್ಲವೇ? ಹಸಿವು, ದಣಿವು, ನೋವು, ರುಚಿ, ನೆಮ್ಮದಿ, ಎಲ್ಲದರೊಳಗೂ ನಮ್ಮ ಎಣಿಕೆ ಬೆರೆತೇ ಇದೆ. ಇದು ಗೊತ್ತಾದ ಮೇಲೆ ಸುಮ್ಮನಿರುವುದು ಹೇಗೆ? ಮನೆ ಗುಡಿಸಿ, ಬಟ್ಟೆ ಒಗೆದು, ಬಿಂದಿಗೆ ಹೊರುವವರಿಗೆ ಆ ದುಡಿಮೆ ಮೈಗೂ ಒಳ್ಳೆಯದೆಂದು ಬಾಯಿಬಿಟ್ಟು ಹೇಳಿ. ಹಿರಿಯರ ಕೈಗೆ ಮಾತ್ರೆ ಕೊಡುವಾಗ ಅದು ಯಾವುದಕ್ಕೆ, ಹೇಗೆ ಗುಣ ಕೊಡುತ್ತದೆ ಎಂದು ತಿಳಿಸಿಯೇ ಕೊಡಿ. ಖರ್ಚಿಲ್ಲದ ಈ ಒಂದೆರಡು ಮಾತನ್ನು ಇಂದೇ ಆಡಿಬಿಡಿ.