ಅರುವಂಕಾಡಿನ ಮದ್ದು, ಸೀಸದ ಗುಂಡು

ಕೂನೂರಿನಿಂದ ಊಟಿಗೆ ಪುಟ್ಟ ರೈಲಿನಲ್ಲಿ ಹೋದವರಿಗೆ ಅರುವಂಕಾಡು ನಿಲ್ದಾಣ ಗೊತ್ತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬ್ರಿಟಿಷರು ಕಟ್ಟಿಸಿದ ಕಾರ್ಡೈಟ್ ಕಾರ್ಖಾನೆ ಅಲ್ಲಿದೆ. ಅಲ್ಲಿ ತಯಾರಾಗುವುದು ಗುಂಡಲ್ಲ, ಗುಂಡನ್ನು ಹಾರಿಸುವ ಮದ್ದು. ಆದರೆ ಸೀಸದ ಗುಂಡಿನ ಹಣೆಬರಹ ಬದಲಿಸಿದ್ದು ಈ ಬಗೆಯ ಮದ್ದೇ.

ಸೀಸ 327 ಡಿಗ್ರಿ ಸೆಂಟಿಗ್ರೇಡಿಗೇ ಕರಗುತ್ತದೆ. ಒಲೆ, ಸೌಟು, ಅಚ್ಚು ಇದ್ದರಾಯಿತು. ಕೇಪಿನ ಕೋವಿಯವರು ಮನೆಯಲ್ಲೇ ಗುಂಡು ಎರೆಯುತ್ತಿದ್ದರು. (ಆ ಹೊಗೆಯೂ ವಿಷವೇ ಎಂದು ಯಾರೂ ಲೆಕ್ಕಿಸಲಿಲ್ಲ.) ಕರಿಮದ್ದಿನ ಹದವಾದ ವೇಗಕ್ಕೆ ಆ ಮೆತ್ತನೆಯ ಲೋಹ ಒಗ್ಗುತ್ತಿತ್ತು. 1889ರಲ್ಲಿ ಬಂದ ಕಾರ್ಡೈಟಿನ ವೇಗಕ್ಕೆ ಒಗ್ಗಲಿಲ್ಲ. ರೈಫಲಿನ ನಳಿಗೆಯೊಳಗಿನ ಸುರುಳಿ ಗೀರುಗಳನ್ನು ಹಿಡಿದು ತಿರುಗಬೇಕಾದ ಬರಿಯ ಸೀಸ ಸವೆದು ಅಲ್ಲೇ ಮೆತ್ತಿಕೊಂಡು ಗುರಿ ಕೆಡಿಸುತ್ತದೆ. ತವರ, ಆಂಟಿಮನಿ ಬೆರೆಸಿ ಗಡಸುಗೊಳಿಸಿದರೂ ಅದಕ್ಕೊಂದು ಮಿತಿಯಿದೆ. ಆದ್ದರಿಂದ ಗುಂಡಿಗೆ ತಾಮ್ರ ಬೆರೆತ ಲೋಹದ ಅಂಗಿ ತೊಡಿಸಿದರು.

ಅಂಗಿ ತೊಟ್ಟರೂ ಒಳಗಿರುವುದು ಸೀಸವೇ. ಅದರ ಚೂರು ಉಳಿದ ಹೆಣ ತಿಂದ ರಣಹದ್ದಿಗೆ ವಿಷವೇರುತ್ತದೆ. ಕ್ಯಾಲಿಫೋರ್ನಿಯಾ ಇದಕ್ಕಾಗಿಯೇ 2019ರಲ್ಲಿ ಬೇಟೆಗೆ ಸೀಸದ ಗುಂಡನ್ನು ಪೂರ್ತಿ ನಿಷೇಧಿಸಿತು. ಮಾಸಿನಗುಡಿಯ ಆಚೆ ಮೋಯಾರ್ ಕಣಿವೆಯಲ್ಲಿ ರಣಹದ್ದುಗಳು ಇನ್ನೂ ಗೂಡು ಕಟ್ಟುತ್ತಿವೆ. ಇತ್ತ ನಮ್ಮ ಕೇರಳದಲ್ಲಿ ಕಾಡುಹಂದಿಗೆ ಈಡು ಹಾಕಿಸುವ ಅಧಿಕಾರ 2022ರಲ್ಲಿ ಪಂಚಾಯತುಗಳಿಗೆ ಬಂದಿದೆ. ಬಿದ್ದ ಹಂದಿಯನ್ನು ತೋಡಿನ ಬದಿಗೆಸೆಯದೆ ಆಳವಾಗಿ ಹೂಳಿಸಿರೆಂದು ಕೃಷಿಕರಲ್ಲಿ ನಾವು ಕೇಳುತ್ತೇವೆ.