ಶ್ರೀರಂಗಪಟ್ಟಣದ ದೃಶ್ಯಚಿತ್ರಗಳಲ್ಲಿ ಋತು ಮತ್ತು ಬೆಳಕು

ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಬ್ರಿಟಿಷ್ ಚಿತ್ರಕಾರರು ರಚಿಸಿದ ಶ್ರೀರಂಗಪಟ್ಟಣದ ದೃಶ್ಯಚಿತ್ರಗಳನ್ನು ಚರಿತ್ರೆಗೆ ಆಧಾರವಾಗಿ ಬಳಸುವುದುಂಟು. ಅವುಗಳಲ್ಲಿ ಕಾಣುವ ಹೊಳೆ ಯಾವ ಋತುವಿನದೆಂಬುದನ್ನು ಮೊದಲು ವಿಚಾರಿಸಬೇಕೆಂಬುದು ನಮ್ಮ ಅಭಿಪ್ರಾಯ.

ಈ ಚಿತ್ರಕಾರರ ಪ್ರವಾಸಕಾಲವನ್ನು ನಿರ್ಣಯಿಸಿದುದು ಯುದ್ಧ. ಯುದ್ಧದ ಕಾಲವನ್ನು ನಿರ್ಣಯಿಸಿದುದು ಮಳೆ ಮತ್ತು ಕಾವೇರಿ. 1791ರ ಮೇ ತಿಂಗಳಲ್ಲಿ ಪಟ್ಟಣದ ಸಮೀಪಕ್ಕೆ ಬಂದ ಕಾರ್ನ್‌ವಾಲಿಸನ ಸೈನ್ಯವು ಮಳೆ, ದವಸದ ಅಭಾವ, ಎತ್ತುಗಳ ಸಾವು ಇವುಗಳಿಂದ ಕಂಗೆಟ್ಟು ಹಿಂದಿರುಗಿತು. ಅದು ಮತ್ತೆ ಬಂದುದು 1792ರ ಫೆಬ್ರವರಿಯಲ್ಲಿ. ಹೊಳೆಯ ನೀರಿಳಿದು ಆಕಾಶ ತಿಳಿಯಾಗಿರುವ ಕಾಲವದು. ಈ ಸೈನ್ಯದೊಡನೆ ಸಂಚರಿಸಿದ ರಾಬರ್ಟ್ ಹೋಮನ ಮೈಸೂರು ದೃಶ್ಯಗಳ ಸಂಪುಟವು 1794ರಲ್ಲಿ ಪ್ರಕಟವಾಯಿತು.

ಟರ್ನರನ ವಿಷಯ ಬೇರೆ. 1800ರ ಸುಮಾರಿಗೆ ಅವನು ಶ್ರೀರಂಗಪಟ್ಟಣವನ್ನು ಜಲವರ್ಣದಲ್ಲಿ ಚಿತ್ರಿಸಿದನಾದರೂ ಭಾರತಕ್ಕೆ ಎಂದೂ ಬಂದವನಲ್ಲ. ಸ್ಥಳದ ಆಕಾರಕ್ಕೆ ಪರರ ರೇಖಾಚಿತ್ರಗಳೇ ಅವನಿಗೆ ಆಧಾರ. ಬೆಳಕು ಅವನ ಕಲ್ಪನೆಯದು. ಕಲೆಯಾಗಿ ಅದು ಕಡಮೆಯದಲ್ಲ. ಸಾಕ್ಷ್ಯವಾಗಿ ಮಾತ್ರ ಬೇರೆ ದರ್ಜೆಯದು.

ಇಂದಿನ ಹೊಳೆಯನ್ನು ನೋಡಿ ಈ ಚಿತ್ರಗಳನ್ನು ಪರೀಕ್ಷಿಸುವುದೂ ಸುಲಭವಲ್ಲ. 1911ರಲ್ಲಿ ಕೆಲಸ ಆರಂಭವಾದ ಕನ್ನಂಬಾಡಿ ಕಟ್ಟೆಯು ಪೂರ್ಣಗೊಂಡ ಮೇಲೆ ಪಟ್ಟಣದ ಬಳಿ ನೀರಿನ ಏರಿಳಿತವು ಋತುವನ್ನಷ್ಟೇ ಅವಲಂಬಿಸಿಲ್ಲ. ಆದುದರಿಂದ ಪ್ರತಿಯೊಂದು ಚಿತ್ರವನ್ನೂ ಅದರ ತಿಂಗಳೊಡನೆ ಓದುವುದು ಅವಶ್ಯಕ. ಕಿಕ್ಕೇರಿಯ ಬಯಲನ್ನಾಗಲಿ ಶ್ರೀರಂಗಪಟ್ಟಣದ ಹೊಳೆಯನ್ನಾಗಲಿ ಇಂದು ಚಿತ್ರಿಸುವವರು ಪಟದ ಹಿಂಬದಿಯಲ್ಲಿ ಸ್ಥಳ, ದಿನ, ಹೊತ್ತುಗಳನ್ನು ಬರೆದಿಟ್ಟರೆ ಮುಂದೆ ಅಭ್ಯಾಸಮಾಡುವವರಿಗೆ ಬಹಳ ಉಪಕಾರವಾಗುವುದು.